ಗ್ರಂಥಾಲಯಕ್ಕೊಂದು ಪೆಂಗ್ವಿನ್

ನಮ್ಮೂರ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರುಗಳಿವೆ. ಒಂದಕ್ಕೆ ಹಸಿರು ಬಟ್ಟೆಯ ಮುಸುಕು, ಇನ್ನೊಂದರ ಮೇಲೆ ಹಳೆಯ ಪತ್ರಿಕೆಗಳ ಕಟ್ಟು. ಎರಡರಲ್ಲೂ ವಿಂಡೋಸ್ 7. ಹೆತ್ತ ಮೈಕ್ರೋಸಾಫ್ಟೇ ಅದರ ಕೈಬಿಟ್ಟದ್ದು 2020ರ ಜನವರಿಯಲ್ಲಿ.

"ಸಾರ್, ವಿಂಡೋಸ್ ಬದಲು ಲಿನಕ್ಸ್ ಹಾಕೋಣ. ಪುಕ್ಕಟೆ" ಎಂದೆ. ಎಡವಿದ್ದು ಅಲ್ಲೇ. ಸರ್ಕಾರಿ ಕಡತಕ್ಕೆ ಪುಕ್ಕಟೆಗಿಂತ ಅನುಮಾನದ ಮಾತು ಇನ್ನೊಂದಿಲ್ಲ.

"ಪುಕ್ಕಟೆಗೆ ಮೂರು ಕೊಟೇಶನ್ ಎಲ್ಲಿಂದ ತರೋದು ಮಾರಾಯ್ರೆ?" ಗ್ರಂಥಪಾಲಕರ ಮುಖ ಬಾಡಿತು.

ಪೆಂಗ್ವಿನ್ ಗುರುತಿನ ಈ ಲಿನಕ್ಸ್ 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್‌ಲ್ಯಾಂಡಿನ ಹುಡುಗ ಶುರುಮಾಡಿದ್ದು, ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಓಡುತ್ತಿರುವುದು ಇದೇ, ಕನ್ನಡವೂ ಬರುತ್ತದೆ ಎಂದು ಪುರಾಣ ಬಿಚ್ಚಿದೆ. "ಒಂದೇ ಪುಸ್ತಕವನ್ನು ಊರಿಗೆಲ್ಲ ಓದಿಸೋ ನಿಮ್ಮ ಕೆಲಸದಂಥದ್ದೇ ಸಾರ್."

"ನಮ್ಮ ಪುಸ್ತಕ ವಾಪಸ್ ಬರೋದಿಲ್ಲವಲ್ಲ" ಎಂದರು.

ಕೊನೆಗೆ ಪೆನ್‌ಡ್ರೈವ್ ಸಿಕ್ಕಿಸಿ, ಒಳಗಿದ್ದ ಒಂದು ಫೈಲನ್ನೂ ಮುಟ್ಟದೆ ಲಿನಕ್ಸ್ ಓಡಿಸಿ ತೋರಿಸಿದೆ. ಹತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಇದರಲ್ಲಿ ಇಸ್ಪೀಟು ಇದೆಯಾ?"

ಇತ್ತು. ತೆರೆದು ತೋರಿಸಿದೆ.

ಒಂದು ಕಂಪ್ಯೂಟರಿಗೆ ಅಪ್ಪಣೆಯಾಯಿತು. ಪತ್ರಿಕೆಗಳ ಕಟ್ಟು ಮಾತ್ರ ಇನ್ನೊಂದರ ಮೇಲೆ ಈಗಲೂ ಕೂತಿದೆ.