ಮುಂದಿನ ವರ್ಷವೂ ಆಟ ಇದ್ಯಾ?

ನಮ್ಮ ಮನೆಗೂ ಪಕ್ಕದ ಅಕ್ಕನ ಹಿತ್ತಿಲಿಗೂ ಮಧ್ಯೆ ಇರೋದು ಒಂದು ದಾಸವಾಳದ ಬೇಲಿ. ಒಂದು ಕಡೆ ಗಿಡ ಸತ್ತು ಅಲ್ಲಿ ಕಿಂಡಿಯಾಗಿದೆ. ಮೊಸರಿನ ಹೆಪ್ಪು, ಕರಿಬೇವು, ಊರಿನ ಸುದ್ದಿ ಎಲ್ಲಾ ಆ ಕಿಂಡಿಯಲ್ಲೇ ಆಚೆಗೆ ಈಚೆಗೆ ಓಡಾಡುತ್ತವೆ. ಈಚೆಗೆ ಒಂದು ಫುಟ್ಬಾಲೂ ಸೇರಿಕೊಂಡಿದೆ. ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಅವಳು ಒದ್ದ ಚೆಂಡು ವಾರಕ್ಕೆ ಮೂರು ಸಲವಾದರೂ ನನ್ನ ಸೊಪ್ಪಿನ ಮಡಿಗೆ ಬಂದು ಬೀಳುತ್ತೆ.

ನಮ್ಮದು ಹುಣಸೂರು ತಾಲ್ಲೂಕು. ಆಷಾಢ ಅಂದ್ರೆ ಇಲ್ಲಿ ಬೀಸುಗಾಳಿ, ಜಿನುಗು ಮಳೆ, ಹೊಗೆಸೊಪ್ಪು ಮುರಿಯೋ ಕೆಲಸ. ಅವತ್ತು ಅಕ್ಕ ಜಗಲಿ ಮೇಲೆ ಕೂತು ಹಸಿ ಎಲೆಗಳನ್ನ ದಾರದಲ್ಲಿ ಬಿಗಿದು ಕಡ್ಡಿಗೆ ಕಟ್ಟುತ್ತಿದ್ದರು. ಎರಡೆರಡು ಎಲೆ ಈ ಕಡೆ, ಎರಡೆರಡು ಎಲೆ ಆ ಕಡೆ, ಕಣ್ಣು ಮುಚ್ಚಿದರೂ ಕೈ ತಪ್ಪೋದಿಲ್ಲ. ಬೆರಳಿಗೆ ಹತ್ತಿದ ಅಂಟು ಸೋಪಿಗೂ ಹೋಗಲ್ಲ. ಮಗಳು ಫೋನು ನೋಡಿಕೊಂಡು ಜೋರಾಗಿ ಓದಿದಳು: "ದೆಲ್ಲಿಯ ಗಢವಾಲ್ ಯುನೈಟೆಡ್ ಹುಡುಗೀರಿಗೆ ಬಡ್ತಿ ಸಿಕ್ಕಿದೆ ಕಣವ್ವ!"

ಅಕ್ಕ ತಲೆ ಎತ್ತಿ ನನ್ನ ಕಡೆ ನೋಡಿದರು. "ಬಡ್ತಿ ಮೇಷ್ಟ್ರಿಗೆ ಸಿಗ್ತದೆ, ಪೊಲೀಸ್ನೋರಿಗೆ ಸಿಗ್ತದೆ. ಚೆಂಡಾಡೋ ಹುಡುಗೀರಿಗೂ ಸಿಗ್ತದಾ ಅಮ್ಮಿ?"

ಸಿಗ್ತದೆ ಅಕ್ಕ ಅಂದೆ. ಆವತ್ತು ಶುರುವಾದ ಮಾತು ಸೊಪ್ಪು ಹದ ಮಾಡೋ ಬ್ಯಾರನ್ ತುಂಬೋವರೆಗೂ ಮುಗಿಯಲಿಲ್ಲ.

ಬ್ಯಾರನ್ ಒಳಗೆ ಕಡ್ಡಿಗಳನ್ನ ಕೆಳಗಿಂದ ಸೂರಿನವರೆಗೂ ಸಾಲುಸಾಲಾಗಿ ತೂಗುಹಾಕ್ತೀರಲ್ಲ, ಲೀಗ್ ಕೂಡ ಹಾಗೇ ಅಂತ ಹೇಳಿದೆ. ಹೆಣ್ಣುಮಕ್ಕಳ ಫುಟ್ಬಾಲಿನಲ್ಲಿ ದೇಶದ ಮೇಲಿನ ಸಾಲು ಇಂಡಿಯನ್ ವಿಮೆನ್ಸ್ ಲೀಗ್. 2024-25ರಲ್ಲಿ ಅದರಲ್ಲಿ ಎಂಟು ಕ್ಲಬ್ ಇದ್ದವು. ಪ್ರತಿಯೊಂದು ಕ್ಲಬ್ಬೂ ಉಳಿದ ಏಳರ ಜೊತೆ ತನ್ನೂರಲ್ಲಿ ಒಂದು ಸಲ, ಅವರೂರಲ್ಲಿ ಒಂದು ಸಲ ಆಡಬೇಕಿತ್ತು. ತಲಾ 14 ಪಂದ್ಯ. ಅದರ ಕೆಳಗಿನ ಸಾಲು ಐಡಬ್ಲ್ಯುಎಲ್-2. ಇದು ಶುರುವಾಗಿದ್ದೇ 2024ರಲ್ಲಿ. ಕೆಳಗಿನ ಸಾಲಿನಲ್ಲಿ ಮೊದಲೆರಡು ಸ್ಥಾನ ಬಂದೋರು ಮೇಲಕ್ಕೆ ಹೋಗ್ತಾರೆ, ಮೇಲಿನ ಸಾಲಿನಲ್ಲಿ ಕೊನೆಗೆ ಉಳಿದೋರು ಕೆಳಕ್ಕೆ ಇಳೀತಾರೆ. ಮೊದಲ ವರ್ಷ ಹಾಗೆ ಮೇಲೆ ಹತ್ತಿದ್ದು ಕೋಲ್ಕತ್ತಾದ ಶ್ರೀಭೂಮಿ, ಕಟಕ್‌ನ ನೀತಾ ಫುಟ್ಬಾಲ್ ಅಕಾಡೆಮಿ. ಎರಡನೇ ವರ್ಷ ಗಢವಾಲ್ ಯುನೈಟೆಡ್, ಗೋವಾದ ಸೆಸಾ ಅಕಾಡೆಮಿ. ಅದೇ ವರ್ಷ ಕೆಳಗಿಳಿದೋರಲ್ಲಿ ಒಡಿಶಾ ಎಫ್‌ಸಿ ಒಂದು. 2024ರಲ್ಲಿ ದೇಶಕ್ಕೇ ಚಾಂಪಿಯನ್ ಆಗಿದ್ದ ತಂಡ ಅದು.

"ಗೆದ್ದೋರೂ ಬೀಳ್ತಾರಾ?" ಅಕ್ಕನ ಕೈ ನಿಂತಿತು.

ಬೀಳ್ತಾರೆ. ಆದರೆ ಬಿದ್ದೋರಿಗೂ ಕೆಳಗೆ ಒಂದು ಸಾಲು ಇದೆ. ಮೇಲಕ್ಕೆ ಬಂದೋರಿಗೆ ಮುಂದಿನ ವರ್ಷ 14 ಪಂದ್ಯ ಖಾತ್ರಿ. ನನಗೆ ಬಡ್ತಿಯಲ್ಲಿ ಕಪ್ಪಿಗಿಂತ ದೊಡ್ಡದಾಗಿ ಕಾಣೋದು ಇದೇ. ಒಬ್ಬ ಹುಡುಗಿ ಈ ವರ್ಷ ಒದ್ದ ಗೋಲು ಮುಂದಿನ ವರ್ಷಕ್ಕೂ ಲೆಕ್ಕಕ್ಕೆ ಬರುತ್ತೆ.

ನಮ್ಮ ಕಡೆಯೂ ಏಣಿ ಇಲ್ಲದೆ ಇಲ್ಲ. ಶಾಲೆಯ ಕ್ರೀಡಾಕೂಟ ನೋಡಿ: ಹೋಬಳಿ ಮಟ್ಟದಲ್ಲಿ ಗೆದ್ದರೆ ತಾಲ್ಲೂಕು, ಅಲ್ಲಿ ಗೆದ್ದರೆ ಜಿಲ್ಲೆ, ಆಮೇಲೆ ವಿಭಾಗ, ಆಮೇಲೆ ರಾಜ್ಯ. ಮಳೆಗಾಲದ ಕೆಸರಲ್ಲಿ ಶುರುವಾಗುತ್ತೆ. ಎಷ್ಟು ಚೆಂದದ ಏಣಿ ಅದು! ಆದರೆ ಪ್ರತಿ ವರ್ಷ ಅದನ್ನ ಬಿಚ್ಚಿ ಎತ್ತಿಡುತ್ತಾರೆ. ಹೋದ ವರ್ಷ ಜಿಲ್ಲೆಗೆ ಹೋಗಿದ್ದ ತಂಡ ಈ ವರ್ಷ ಮತ್ತೆ ಹೋಬಳಿಯಿಂದಲೇ ಹೊರಡಬೇಕು. ಹತ್ತನೇ ಕ್ಲಾಸು ಮುಗೀತು ಅಂದರೆ ಆ ಹುಡುಗೀರಲ್ಲಿ ಬಹಳ ಮಂದಿಗೆ ತಂಡವೂ ಇಲ್ಲ, ಏಣಿಯೂ ಇಲ್ಲ.

ನನ್ನ ಕಥೆಯೂ ಅದೇ. ನಾನು ಥ್ರೋಬಾಲ್ ಆಡುತ್ತಿದ್ದೆ. ತಾಲ್ಲೂಕು ಮಟ್ಟಕ್ಕೆ ಹೋದ ದಿನ ಲಕ್ಷ್ಮಣತೀರ್ಥದ ಸೇತುವೆ ಮೇಲೆ ಲಾರಿಯಲ್ಲಿ ನಿಂತು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಸೇರಿದ ಕಾಲೇಜಿನಲ್ಲಿ ಹುಡುಗೀರಿಗೆ ಅಂತ ಆಟದ ಪೀರಿಯಡ್ಡೇ ಇರಲಿಲ್ಲ. ಕೇಳಿದ್ದಕ್ಕೆ "ನಿಮಗ್ಯಾಕಮ್ಮ" ಅಂದರು. ಹದಿನಾರನೇ ವಯಸ್ಸಿಗೆ ನನ್ನ ಆಟ ನಿಂತುಹೋಯಿತು. ಸೋತಿದ್ದರೆ ಅದೊಂದು ಲೆಕ್ಕ, ನಾವು ಸೋತಿರಲಿಲ್ಲ.

ದೇಶದ ಕಥೆಯೂ ಹೆಚ್ಚು ಬೇರೆ ಏನಲ್ಲ. 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಎರಡನೆಯವರಾಗಿದ್ದರು. 1983ರಲ್ಲಿ ಬ್ಯಾಂಕಾಕ್‌ನಲ್ಲೂ ಎರಡನೆಯವರೇ. ಏಷ್ಯಾಕ್ಕೇ ಎರಡನೇ ತಂಡ! ಹೆಣ್ಣುಮಕ್ಕಳು ಆಡೋದಕ್ಕೆ ದೇಶದಲ್ಲಿ ಒಂದು ಲೀಗ್ ಬಂದಿದ್ದು 2016-17ರಲ್ಲಿ. ಅದೂ ಮೊದಮೊದಲು ಒಂದೇ ಊರಲ್ಲಿ ಎಲ್ಲರನ್ನೂ ಸೇರಿಸಿ ಕೆಲವೇ ವಾರದಲ್ಲಿ ಮುಗಿಸುತ್ತಿದ್ದ ಪಂದ್ಯಾವಳಿ, ನಮ್ಮ ಜಾತ್ರೆ ಇದ್ದಂಗೆ. ತನ್ನೂರು-ಪರವೂರು ಅಂತ ತಿಂಗಳುಗಟ್ಟಲೆ ಆಡೋ ಪದ್ಧತಿ 2023-24ರಲ್ಲಿ ಬಂತು. ಆ ಹೊತ್ತಿಗೆ ದೇಶದ ಫುಟ್ಬಾಲ್ ಫೆಡರೇಷನ್ ಇನ್ನೊಂದು ಮಾತೂ ಹೇಳಿತು: ಪ್ರತಿ ಕ್ಲಬ್ಬಿನಲ್ಲಿ ಕನಿಷ್ಠ ಹತ್ತು ಮಂದಿ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗಿಂತ ಕಮ್ಮಿ ಸಂಬಳ ಕೊಡಬಾರದು.

"ತಿಂಗಳಿಗೆ ಎಷ್ಟಾಯ್ತು?" ಅಂದರು ಅಕ್ಕ. ಇಪ್ಪತ್ತಾರು ಸಾವಿರ ದಾಟುತ್ತೆ ಅಂದೆ. ಕಟ್ಟುತ್ತಿದ್ದ ಕಡ್ಡಿಯನ್ನ ತೊಡೆ ಮೇಲೆ ಇಟ್ಟುಕೊಂಡು ಮಗಳ ಕಾಲಿನ ಕಡೆ ಒಂದು ಸಲ ನೋಡಿದರು. ಆ ನೋಟ ನನಗೆ ಬಹಳ ಇಷ್ಟವಾಯಿತು.

ಕರ್ನಾಟಕದೋರು ಯಾರೂ ಇಲ್ವಾ ಅಂತ ಹುಡುಗಿ ಕೇಳಿದಳು. ಇದ್ದಾರೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಮೇಲಿನ ಸಾಲಿನಲ್ಲೇ ಗಟ್ಟಿಯಾಗಿ ನಿಂತಿರೋ ಕ್ಲಬ್. 2023ರ ಮೇ 21ರಂದು ಅಹಮದಾಬಾದಿನಲ್ಲಿ ಫೈನಲ್‌ವರೆಗೂ ಹೋಗಿ ಗೋಕುಲಂ ಕೇರಳ ತಂಡದ ಕೈಲಿ 5-0 ಗೋಲಿನಿಂದ ಸೋತರು. ಐದು ಗೋಲಿನ ಸೋಲು ಸಣ್ಣದಲ್ಲ, ಯಾರೇ ಆದರೂ ಕುಸಿದುಹೋಗಬೇಕು. ಮುಂದಿನ ವರ್ಷ ಅದೇ ಲೀಗಿನಲ್ಲಿ ಮತ್ತೆ ಆಡಿದರು, ಅದರ ಮುಂದಿನ ವರ್ಷವೂ ಆಡಿದರು. ಆ ಸೋಲು ಅವರಿಗೆ ಕೊನೆಯ ಪಂದ್ಯ ಆಗಲಿಲ್ಲ. ನನ್ನ ಕಾಲದಲ್ಲಿ ಗೆಲುವೇ ಕೊನೆಯ ಪಂದ್ಯ ಆಗಿಬಿಡುತ್ತಿತ್ತು.

ಬೆಂಗಳೂರು ದೂರ ಆಯ್ತು ಅನ್ನೋರಿಗೆ ಟಿ. ನರಸೀಪುರ ತಾಲ್ಲೂಕಿನ ಕುರುಬೂರು ತೋರಿಸ್ತೀನಿ. ಅಲ್ಲಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಲ್ಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದಳು. ಫೈನಲ್‌ನಲ್ಲಿ ನೇಪಾಳವನ್ನ 78-40ರಿಂದ ಸೋಲಿಸಿದರು. ಆ ಪಂದ್ಯದ ಅತ್ಯುತ್ತಮ ಆಟಗಾರ್ತಿ ನಮ್ಮ ಜಿಲ್ಲೆಯ ಹುಡುಗಿ. ಖೊಖೊಗೆ ನಮ್ಮ ಊರುಗಳಲ್ಲಿ ಅಂಕಣ ಇದೆ, ಹೇಳಿಕೊಡೋರು ಇದ್ದಾರೆ, ಅಕ್ಕಂದಿರು ಆಡಿದ್ದನ್ನ ನೋಡಿಕೊಂಡು ತಂಗಿಯರು ಆಡ್ತಾರೆ. ಫುಟ್ಬಾಲಿಗೆ ಆ ಕೆಳಗಿನ ಮೆಟ್ಟಿಲೇ ಬಿದ್ದಿಲ್ಲ. ಹುಡುಗೀರ ಕಾಲಿನಲ್ಲಿ ಕಸುವಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪೋದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಸೊಪ್ಪಿನ ಹೊರೆ ಹೊತ್ತು, ಆಮೇಲೆ ಶಾಲೆಗೆ ಓಡೋ ಕಾಲುಗಳು ಅವು.

ಹಾಗಂತ ಫುಟ್ಬಾಲು ನಮ್ಮ ಸೀಮೆಗೆ ಹೊಸದೂ ಅಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ಆಚೀಚೆ ಟಿಬೆಟಿನೋರು ಬಂದರು, ನಮ್ಮ ಹುಣಸೂರು ತಾಲ್ಲೂಕಿನ ಗುರುಪುರಕ್ಕೆ 1972ರ ಹೊತ್ತಿಗೆ ಬಂದರು. ಕಾಡು ಕಡಿದು ಜೋಳ ಬೆಳೆದರು, ಮಠ ಕಟ್ಟಿದರು, ಜೊತೆಗೆ ಚೆಂಡನ್ನೂ ತಂದರು. ಸಂಜೆ ಆ ಕಡೆ ಬಸ್ಸಿನಲ್ಲಿ ಹೋದರೆ ಬಯಲಲ್ಲಿ ಆಡೋ ಹುಡುಗರು ಕಾಣದೆ ಇರೋದಿಲ್ಲ.

ಅವರ ಹೆಣ್ಣುಮಕ್ಕಳ ಕಥೆ ನನ್ನ ಮನಸ್ಸಿಗೆ ಬಹಳ ತಾಗಿದೆ. ದೇಶದಲ್ಲಿ ಹರಡಿಕೊಂಡಿರೋ ಟಿಬೆಟಿನ ನೆಲೆಗಳಿಂದ ಹುಡುಗೀರನ್ನ ಸೇರಿಸಿ ಹತ್ತು-ಹದಿನೈದು ವರ್ಷದ ಹಿಂದೆ ಒಂದು ಮಹಿಳಾ ತಂಡ ಕಟ್ಟಿದರು. 2017ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆಯೋ ಪಂದ್ಯಾವಳಿಗೆ ಕರೆ ಬಂತು. ಹುಡುಗೀರು ದೆಲ್ಲಿಯ ರಾಯಭಾರ ಕಚೇರಿಗೆ ಹೋಗಿ ನಿಂತರು, ವೀಸಾ ಸಿಗಲಿಲ್ಲ. ಟಿಬೆಟ್ ಫಿಫಾದ ಸದಸ್ಯ ದೇಶ ಅಲ್ಲ. ಅಂದರೆ ಅವರು ಎಷ್ಟೇ ಗೆದ್ದರೂ ವಿಶ್ವಕಪ್ಪಿನ ಕಡೆಗೆ ಹತ್ತೋ ಏಣಿಯೇ ಅವರಿಗಿಲ್ಲ. ಆದರೂ ಆಡುತ್ತಾರೆ. ಇದನ್ನ ಹೇಳುವಾಗ ಅಕ್ಕನ ಮಗಳು ಚೆಂಡನ್ನ ಹೊಟ್ಟೆಗೆ ಅವಚಿಕೊಂಡು ಸುಮ್ಮನೆ ಕೇಳುತ್ತಿದ್ದಳು. "ನಮಗೆ ಏಣಿ ಇದೆಯಲ್ಲ ಚಿಕ್ಕಮ್ಮ, ಮೇಲಿನ ಮೆಟ್ಟಿಲೆಲ್ಲ ಇವೆ" ಅಂದಳು. ಹದಿನಾಲ್ಕು ವರ್ಷದ ಹುಡುಗಿ ಅಷ್ಟು ನೆಟ್ಟಗೆ ಹೇಳಿದ್ದು ಕೇಳಿ ನನಗೆ ಏನು ಹೇಳಬೇಕೋ ತೋಚಲಿಲ್ಲ.

ಮೇಲಿನ ಮೆಟ್ಟಿಲುಗಳು ನಿಜವಾಗಿಯೂ ಇವೆ. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ನಮ್ಮ ಹುಡುಗೀರು ಆತಿಥೇಯರನ್ನೇ 2-1ರಿಂದ ಸೋಲಿಸಿ ಆಸ್ಟ್ರೇಲಿಯಾದ ಏಷ್ಯಾ ಕಪ್ಪಿಗೆ ದಾರಿ ಮಾಡಿಕೊಂಡರು. ಎರಡೂ ಗೋಲು ಬಂಗಾಳದ ಸಂಗೀತಾ ಬಾಸ್ಫೋರ್ ಹೊಡೆದಿದ್ದು. ಅರ್ಹತಾ ಪಂದ್ಯ ಆಡಿ ಗೆದ್ದು ಏಷ್ಯಾ ಕಪ್ಪಿಗೆ ದಾರಿ ಮಾಡಿಕೊಂಡಿದ್ದು ಭಾರತಕ್ಕೆ ಅದೇ ಮೊದಲು. 2022ರಲ್ಲಿ ನಮ್ಮ ದೇಶದಲ್ಲೇ ಏಷ್ಯಾ ಕಪ್ ನಡೆದಾಗ ತಂಡದೊಳಗೆ ಕೊರೊನಾ ಹರಡಿ, ಕಣಕ್ಕೆ ಇಳಿಸೋಕೆ ಬೇಕಾದಷ್ಟು ಆಟಗಾರ್ತಿಯರೇ ಉಳಿಯದೆ ಅರ್ಧಕ್ಕೇ ಹಿಂದೆ ಸರಿಯಬೇಕಾಗಿತ್ತು. ಅಷ್ಟು ನೋವು ತಿಂದೋರು ಮೂರೂವರೆ ವರ್ಷದಲ್ಲಿ ಎದ್ದು ನಿಂತಿದ್ದು ನೋಡಿ ಆವತ್ತು ರಾತ್ರಿ ನಾನು ಅಕ್ಕನ ಮನೆ ಬಾಗಿಲು ತಟ್ಟಿ ಎಬ್ಬಿಸಿ ಹೇಳಿಬಂದಿದ್ದೆ.

ಕೆಳಗಿನ ಮೆಟ್ಟಿಲು ನಾವೇ ಹಾಕಿಕೊಳ್ಳಬೇಕು ಅಂತ ನನ್ನ ಮನಸ್ಸಿನಲ್ಲಿ ಒಂದು ಲೆಕ್ಕ ಇದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕು ತಾಲ್ಲೂಕು, ನಾಲ್ಕು ತಂಡ. ಹುಣಸೂರಿನಿಂದ ಉಳಿದ ಮೂರಕ್ಕೂ ಹೆಚ್ಚು-ಕಮ್ಮಿ ಒಂದು ಗಂಟೆಯ ಬಸ್ಸಿನ ದಾರಿ, ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ತನ್ನೂರಲ್ಲಿ ಒಂದು, ಪರವೂರಲ್ಲಿ ಒಂದು ಅಂತ ಆಡಿದರೆ ಒಟ್ಟು 12 ಪಂದ್ಯ. ಭಾನುವಾರಕ್ಕೆ ಎರಡು ಪಂದ್ಯ ಇಟ್ಟರೆ ಆರು ಭಾನುವಾರಕ್ಕೆ ಮುಗಿಯುತ್ತೆ. ಯಾವಾಗ ಅಂದರೆ ಸಂಕ್ರಾಂತಿ ಕಳೆದ ಮೇಲೆ. ಆ ಹೊತ್ತಿಗೆ ಕೆ.ಆರ್. ನಗರದ ಕಡೆ ಭತ್ತದ ಕಣ ಮುಗಿದಿರುತ್ತೆ, ನಮ್ಮ ಬ್ಯಾರನ್‌ಗಳು ತಣ್ಣಗಾಗಿರುತ್ತವೆ, ಪರೀಕ್ಷೆ ಇನ್ನೂ ಸ್ವಲ್ಪ ದೂರ ಇರುತ್ತೆ. ಹೊಲದ ಕೆಲಸದ ಕಾಲದಲ್ಲಿ ಪಂದ್ಯ ಇಟ್ಟರೆ ಯಾವ ತಾಯಿಯೂ ಮಗಳನ್ನ ಕಳಿಸೋದಿಲ್ಲ, ಕಳಿಸದಿದ್ದರೆ ಅದು ಅವಳ ತಪ್ಪೂ ಅಲ್ಲ. ಎಚ್.ಡಿ. ಕೋಟೆಯ ಹಾಡಿಗಳಿಂದ ಬರೋ ಹುಡುಗೀರಿಗೆ ಸಂಜೆ ಬೇಗ ಹಿಂದಿರುಗೋ ಏರ್ಪಾಡು ಇರಬೇಕು. ಕತ್ತಲಾದ ಮೇಲೆ ಕಾಡಂಚಿನ ರಸ್ತೆಯಲ್ಲಿ ಆನೆ ಇರುತ್ತೆ, ಅದಕ್ಕೆ ಅವರ ಊರಿನ ಪಂದ್ಯಗಳನ್ನ ಬೆಳಿಗ್ಗೆಯೇ ಇಡಬೇಕು. ಹತ್ತನೇ ಕ್ಲಾಸು ಮುಗಿಸಿದೋರು, ಪಿಯುಸಿಯೋರು, ಗಾರ್ಮೆಂಟ್ಸಿಗೆ ಹೋಗೋರು, ಮದುವೆಯಾದೋರು, ಯಾರು ಬೇಕಾದರೂ ಆಡಬಹುದು. ಆ ವರ್ಷ ಎಷ್ಟು ಪಾಯಿಂಟು ಬಂತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಮುಂದಿನ ಸಂಕ್ರಾಂತಿಗೆ ಅದೇ ನೋಟ್‌ಬುಕ್ಕಿನ ಮುಂದಿನ ಹಾಳೆ ತೆಗೀಬೇಕು.

"ಹನ್ನೊಂದು ಹುಡುಗೀರು ಸಿಗ್ತಾರಾ?" ಅಕ್ಕನ ಪ್ರಶ್ನೆ. ಹುಡುಗಿ ಆಗಲೇ ಬೆರಳು ಮಡಚಿ ಎಣಿಸುತ್ತಿದ್ದಳು. ಏಳಕ್ಕೆ ನಿಂತಳು. ಗೋಲಿಗೆ ನಿಲ್ಲೋಕೆ ಯಾರೂ ಒಪ್ಪೋದಿಲ್ಲವಂತೆ. ಕಬಡ್ಡಿ ಆಡೋ ಒಬ್ಬಳು ಎತ್ತರದ ಹುಡುಗಿ ಇದ್ದಾಳೆ, ಅವಳ ಅಜ್ಜಿಯನ್ನ ಒಪ್ಪಿಸಿದರೆ ಬರ್ತಾಳೆ ಅಂದಳು. ಅಜ್ಜಿ ಜೊತೆ ನಾನು ಮಾತಾಡ್ತೀನಿ ಅಂದೆ.

ಮಳೆ ಜೋರಾಯಿತು. ಹುಡುಗಿ ತನ್ನ ಕ್ಯಾನ್ವಾಸ್ ಶೂ ತಂದು ಬ್ಯಾರನ್‌ನ ಒಲೆ ಬಾಯಿಯ ಹತ್ತಿರ, ಸುಡದಷ್ಟು ದೂರದಲ್ಲಿ ಇಟ್ಟಳು. ಒಳಗೆ ಪೇಪರ್ ತುರುಕಿದ್ದಳು. ಬಲಗಾಲಿನದು ಹೆಬ್ಬೆರಳಿನ ಜಾಗದಲ್ಲಿ ಬಾಯಿ ಬಿಟ್ಟಿತ್ತು, ಹೊಗೆಸೊಪ್ಪು ಕಟ್ಟೋ ದಾರದಲ್ಲೇ ಹೊಲಿದಿದ್ದರು.

ಅಕ್ಕ ಕಟ್ಟುತ್ತಿದ್ದ ಕಡ್ಡಿ ಮುಗಿಸಿ ಪಕ್ಕಕ್ಕಿಟ್ಟರು. ಉಂಡೆಯಿಂದ ಒಂದು ಮಾರು ದಾರ ಎಳೆದು ಮಗಳ ಕಾಲು ಹಿಡಿದುಕೊಂಡರು. ಹಿಮ್ಮಡಿಯಿಂದ ಹೆಬ್ಬೆರಳ ತುದಿವರೆಗೆ ಅಳೆದು, ಎರಡೂ ತುದಿಗೆ ಗಂಟು ಹಾಕಿ, ಹಲ್ಲಲ್ಲಿ ಕಡಿದರು. ಬೇಲಿ ಹತ್ತಿರ ಬಂದು ಕಿಂಡಿಯಲ್ಲಿ ಕೈ ಚಾಚಿದರು.

"ಕಟ್ಟೆಮಳಲವಾಡಿಲಿ ಹರಾಜು ಶುರುವಾದ್ಮೇಲೆ ದುಡ್ಡು ಕೊಡ್ತೀನಿ ಅಮ್ಮಿ. ಮೈಸೂರಿಗೆ ಹೋದಾಗ ಆ ಮೊಳೆ ಇರೋ ಶೂ ತತ್ತಾ. ಒಂದು ಬೆರಳಷ್ಟು ದೊಡ್ಡದೇ ಇರ್ಲಿ, ಮುಂದಿನ್ ವರ್ಷಕ್ಕೂ ಆಗ್ಬೇಕು."