ಫ್ರೇಮಣ್ಣನ ಸೇವಾಯಾತ್ರೆ

ಪ್ರತಿ ಕಂಪನಿಯಲ್ಲೂ ಒಬ್ಬ ಫ್ರೇಮಣ್ಣ ಇದ್ದೇ ಇರುತ್ತಾನೆ. ಕೊರಳಲ್ಲಿ ತೂಗುವ ಗುರುತಿನ ಚೀಟಿಯಲ್ಲಿ ಬೇರೆ ಹೆಸರಿರುತ್ತದೆ, ಅದರ ಕೆಳಗೆ ಉದ್ದನೆಯ ಹುದ್ದೆಯೂ ಇರುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಅವನು ಮಾಡುವ ಕೆಲಸವೇನೆಂದು ಪಕ್ಕದ ಕುರ್ಚಿಯವನನ್ನು ಕೇಳಿದರೆ ಅವನೂ ತಲೆ ಕೆರೆದುಕೊಳ್ಳುತ್ತಾನೆ. ಆದರೆ “ಈ ಶನಿವಾರ ಪಾವಗಡದ ಕಡೆ ಸರ್ಕಾರಿ ಶಾಲೆಗೆ ಬಣ್ಣ ಬಳಿಯುವ ಸೇವಾ ಕಾರ್ಯಕ್ರಮ, ಇಷ್ಟವಿದ್ದವರು ಹೆಸರು ಕೊಡಿ” ಎಂದು ಮೇಲ್ ಬಂದರೆ ಸಾಕು, ಮೊದಲ ಹೆಸರು ಅವನದು. ಉಳಿದವರು ಯಾವ ಹಳೇ ಪ್ಯಾಂಟು ಹಾಕಿಕೊಂಡು ಹೋಗೋಣ ಎಂದು ಯೋಚಿಸುತ್ತಿದ್ದರೆ, ಅವನು ಯಾವ ಲೆನ್ಸ್ ಒಯ್ಯಲಿ ಎಂದು ಯೋಚಿಸುತ್ತಿರುತ್ತಾನೆ.

ಅವನನ್ನು ಸೃಷ್ಟಿಸಿದ್ದು ಅರ್ಧ ದೇವರು, ಅರ್ಧ ಸಂಸತ್ತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ಲಾಭವೋ ವಹಿವಾಟೋ ಒಂದು ಮಟ್ಟ ದಾಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆಂದು ಖರ್ಚು ಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಖರ್ಚು ಮಾಡಿದ ಮೇಲೆ ವರದಿ ಬೇಕು. ವರದಿಗೆ ಫೋಟೊ ಬೇಕು. ಫೋಟೊದಲ್ಲಿ ಮಗು ಬೇಕು, ಮಗುವಿನ ಮುಖದಲ್ಲಿ ನಗು ಬೇಕು. ಈ ಕೊನೆಯದನ್ನು ಒದಗಿಸುವ ಗುತ್ತಿಗೆದಾರ ನಮ್ಮ ಫ್ರೇಮಣ್ಣ. ನಾನು ಬಣ್ಣದ ಡಬ್ಬ ಹೊರುವ ಪಂಗಡದವನಾದ್ದರಿಂದ ಅವನ ಲೀಲೆಗಳನ್ನು ಏಣಿಯ ಮೇಲಿಂದ ಸಾವಕಾಶವಾಗಿ ನೋಡುವ ಭಾಗ್ಯ ನನ್ನದು.

ಬಸ್ಸು ಕತ್ತಲಲ್ಲೇ ಹೊರಡುತ್ತದೆ. ಕಂಪನಿಯ ಟೀ ಶರ್ಟಿನ ಮೇಲೆ ಹದಿನಾರು ಜೇಬಿನ ಖಾಕಿ ಜಾಕೀಟು ತೊಟ್ಟ ಫ್ರೇಮಣ್ಣ ಕಿಟಕಿ ಪಕ್ಕದ ಸೀಟು ಹಿಡಿದಿರುತ್ತಾನೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ನಾವೆಲ್ಲ ಬಿಸಿಬಿಸಿಯಾಗಿ ತಿಂದು, ಇನ್ನೊಂದು ಪ್ಲೇಟ್ ಹೇಳಿ, ಕೈ ತೊಳೆದು ಬರುತ್ತೇವೆ. ಅವನು ಮಾತ್ರ ಇಡ್ಲಿಯ ಮೇಲಿನ ಬೆಣ್ಣೆ ಜಾರುವ ಆ ಒಂದು ಕ್ಷಣಕ್ಕಾಗಿ ಬಗ್ಗಿ ನಿಂತಿರುತ್ತಾನೆ. ಬೆಣ್ಣೆ ಜಾರುತ್ತದೆ, ಇಡ್ಲಿ ಆರುತ್ತದೆ, ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಮಧುಗಿರಿಯ ಏಕಶಿಲಾ ಬೆಟ್ಟ ಎದುರಾಗುವವರೆಗೂ ಅವನು ಹಸಿದ ಹೊಟ್ಟೆಯಲ್ಲೇ ಹೊಸಬರಿಗೆ ಪಾಠ ಹೇಳುತ್ತಾನೆ. ಫ್ರಾನ್ಸಿನ ಕಾರ್ತಿಯೆ ಬ್ರೆಸಾನ್ ಎಂಬ ಮಹಾನುಭಾವ 1952ರಲ್ಲೇ ‘ನಿರ್ಣಾಯಕ ಕ್ಷಣ’ದ ಪುಸ್ತಕ ತಂದ, ದಿನನಿತ್ಯದ ಬದುಕಿನಲ್ಲೇ ಕಲೆ ಇದೆ, ಬಡತನದಲ್ಲಿ ಒಂದು ಘನತೆ ಇದೆ. ಇವೆಲ್ಲ ಮಧುಗಿರಿಗೆ ಮುಂಚೆಯೇ ಮುಗಿಯುತ್ತವೆ. ಮಧುಗಿರಿ ದಾಟಿದ ಮೇಲೆ ಅವನು ನಿದ್ದೆ ಹೋಗುತ್ತಾನೆ.

ಶಾಲೆ ತಲುಪಿದಾಗ ಹೆಡ್ ಮೇಷ್ಟ್ರು ಗೇಟಿಗೇ ಬಂದು ಕೈಮುಗಿಯುತ್ತಾರೆ. ಫ್ರೇಮಣ್ಣನ ಕೊರಳಿನ ಯಂತ್ರ ನೋಡಿ ಅವರಿಗೆ ಗಾಬರಿ ಏನೂ ಆಗುವುದಿಲ್ಲ. “ನಾವೂ ಫೋಟೊಗ್ರಾಫರ್ರೇ ಸಾರ್” ಎಂದು ತಮ್ಮ ಮೊಬೈಲ್ ತೋರಿಸುತ್ತಾರೆ. “ಹಾಲು ಕುಡಿಸಿದ ಫೋಟೊ, ಮೊಟ್ಟೆ ಕೊಟ್ಟ ಫೋಟೊ, ಗಿಡ ನೆಟ್ಟ ಫೋಟೊ, ಎಲ್ಲಾ ಗ್ರೂಪಿಗೆ ಹಾಕಬೇಕು. ಹಾಲು ದಿನಾ ಬೇರೆ ಸಾರ್. ಗಿಡ ಮಾತ್ರ ಅದೇ.” ದಿನನಿತ್ಯದ ಬದುಕನ್ನು ಇಷ್ಟು ನಿಷ್ಠೆಯಿಂದ ಚಿತ್ರಿಸುವ ಇನ್ನೊಬ್ಬ ಛಾಯಾಗ್ರಾಹಕ ಭೂಮಿಯ ಮೇಲಿರಲಾರ. ಆದರೆ ಫ್ರೇಮಣ್ಣ ಅವರ ಮೊಬೈಲಿನ ಕಡೆ ನೋಡಿದ್ದು ಅರ್ಧ ಕಣ್ಣಿನಲ್ಲಿ, ಅದು ಕಲೆಯಲ್ಲವಲ್ಲ.

ಮಕ್ಕಳೂ ಅಷ್ಟೇ, ಪಳಗಿದ ಕೈಗಳು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕ್ಯಾಮೆರಾದ ಎದುರಿಗೆ ಮೂರನೆಯದೊಂದು ಭಾಷೆ. ಫ್ರೇಮಣ್ಣ ಮಂಡಿಯೂರಿ ಗುರಿ ಹಿಡಿದ ಕೂಡಲೇ ಮುಂದಿನ ಸಾಲಿನ ಹುಡುಗನೊಬ್ಬ ಗಂಭೀರವಾಗಿ ಕೇಳಿದ: “ಕ್ಯಾಂಡಿಡ್ಡಾ ಸಾರ್, ಗ್ರೂಪಾ?” ಕ್ಯಾಂಡಿಡ್ ಎಂದದ್ದೇ ತಡ, ಇಡೀ ತರಗತಿ ಫ್ರೇಮಣ್ಣನನ್ನು ಮರೆತಂತೆ ಕಿಟಕಿಯ ಕಡೆ ತಿರುಗಿ ಆಲೋಚನಾಮಗ್ನವಾಯಿತು. ಎಷ್ಟು ಕಂಪನಿಗಳು ಬಂದುಹೋಗಿರಬೇಕು! ಗೋಡೆ ಕೆರೆದಾಗ ನಮಗೂ ಅದು ಗೊತ್ತಾಯಿತು. ನಮ್ಮ ಹಳದಿಯ ಕೆಳಗೆ ಗುಲಾಬಿ, ಗುಲಾಬಿಯ ಕೆಳಗೆ ತಿಳಿ ನೀಲಿ, ನೀಲಿಯ ಮೂಲೆಯಲ್ಲಿ ಇನ್ಯಾವುದೋ ಕಂಪನಿಯ ಅರ್ಧ ಚಿಹ್ನೆ. ಸೋರುವ ಚಾವಣಿಯನ್ನು ಮಾತ್ರ ಯಾವ ಕಂಪನಿಯೂ ಮುಟ್ಟಿರಲಿಲ್ಲ. ಚಾವಣಿ ಫೋಟೊದಲ್ಲಿ ಬರುವುದಿಲ್ಲ.

ಆಮೇಲೆ ಕೈತೊಳೆಯುವ ದೃಶ್ಯ. ವರದಿಗೆ ‘ಸ್ವಚ್ಛತೆ’ ಎಂಬ ಪುಟವಿದೆ. ಐದು ಮಕ್ಕಳನ್ನು ನಲ್ಲಿಯ ಸಾಲಿನ ಮುಂದೆ ನಿಲ್ಲಿಸಿ “ತೊಳೀರಿ” ಎಂದ.

“ನೀರು ಬರಲ್ಲ ಸಾರ್.”

“ಪರವಾಗಿಲ್ಲ, ಬಂದ ಹಾಗೇ ತೊಳೀರಿ.”

ಮಕ್ಕಳು ಬಂದ ಹಾಗೇ ತೊಳೆದರು. ಒಬ್ಬಳಂತೂ ಕೊನೆಗೆ ಇಲ್ಲದ ನೀರನ್ನು ಕೈಯಿಂದ ಕೊಡವಿ, ಒದ್ದೆಯಾಗದ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ನೀನಾಸಂನಲ್ಲಿ ತರಬೇತಿ ಪಡೆದವರೂ ಇಷ್ಟು ನಂಬಿಕೆ ಹುಟ್ಟಿಸುವುದು ಕಷ್ಟ.

ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಫ್ರೇಮಣ್ಣ ಊರೊಳಗೆ ಹೊರಡುತ್ತಾನೆ. ಬಣ್ಣ ಬಳಿಯುವುದು ಯಾರು ಬೇಕಾದರೂ ಮಾಡಬಹುದು, ‘ಕತೆ’ ಹುಡುಕುವುದು ಅವನೊಬ್ಬನಿಂದಲೇ ಸಾಧ್ಯ. ಈ ಹುಡುಕಾಟದಲ್ಲಿ ಅವನಿಗೆ ದೊಡ್ಡ ಶತ್ರುವೆಂದರೆ ಊರಿನ ಅಭಿವೃದ್ಧಿ. ಚೆಂದದ ಮಣ್ಣಿನ ಗೋಡೆ ಸಿಕ್ಕಿತೆಂದುಕೊಂಡರೆ ಅದರ ಮೇಲೆ ಡಿಶ್ ಆಂಟೆನಾ. ಜಗಲಿಯ ಮೇಲೆ ರಾಗಿ ಕೇರುವ ಹೆಂಗಸಿದ್ದರೆ ಪಕ್ಕದಲ್ಲೇ ಹೊಸ ಬೈಕು. ಪಾವಗಡದ ತಿರುಮಣಿ ಸುತ್ತಿನಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಮಳೆ ಕೈಕೊಟ್ಟು ಶೇಂಗಾ ಒಣಗಿಸಿಕೊಂಡ ರೈತರು ಜಮೀನು ಮಾರದೆ, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಹೊಲವಿದ್ದವರಿಗೆ ಬಾಡಿಗೆ ಬಂತು, ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಕೂಲಿ ಹೋಯಿತು. ನನ್ನ ಕೇಳಿದರೆ ಕತೆ ಅಲ್ಲಿದೆ. ಫ್ರೇಮಣ್ಣ ಅದನ್ನು ನೋಡಿ ಮುಖ ಸಿಂಡರಿಸಿದ. “ಫ್ರೇಮ್ ಹಾಳಾಗುತ್ತೆ ಗುರೂ” ಎಂದ.

ಕೊನೆಗೂ ಅವನಿಗೆ ಒಬ್ಬ ಅಜ್ಜಿ ಸಿಕ್ಕಳು. ಹರಿದ ಕುಪ್ಪಸ, ಮುಖದ ತುಂಬ ಗೆರೆ, ಓರೆ ಬಿಸಿಲು. ಫ್ರೇಮಣ್ಣನ ಕೈ ನಡುಗಿತು. ನಾಲ್ಕಾರು ಸಲ ಕ್ಲಿಕ್ಕಿಸಿದ ಮೇಲೆ ಅಜ್ಜಿಗೆ ಸದ್ದು ಕೇಳಿಸಿತು.

“ಯಾವುದಕ್ಕಪ್ಪಾ ಫೋಟೊ? ಗೃಹಲಕ್ಷ್ಮಿದಾ? ಮೂರು ತಿಂಗಳಿಂದ ದುಡ್ಡು ಬಿದ್ದಿಲ್ಲ.”

“ಇಲ್ಲ ಅಜ್ಜಿ, ಸುಮ್ನೆ. ನೀವು ಹಾಗೇ ಕೂತಿರಿ. ಸ್ವಲ್ಪ ನಗಿ.”

“ಹಲ್ಲು ಹೋದ್ಮೇಲೆ ನಗು ಅಂತೀಯಲ್ಲೋ. ಹಲ್ಲಿದ್ದಾಗ ಎಲ್ಲೋಗಿದ್ದೆ?”

ಹೀಗೆಂದು ಎದ್ದು ಒಳಗೆ ಹೋದಳು. ಬಿಸಿಲು ಇಳಿಯುತ್ತಿದೆ ಎಂದು ಫ್ರೇಮಣ್ಣ ಚಡಪಡಿಸಿದ. ಅಜ್ಜಿ ಹೊರಗೆ ಬಂದಾಗ ಮದುವೆ ಮನೆಗೆ ಹೊರಟವಳ ಹಾಗಿದ್ದಳು. ಮೈಮೇಲೆ ಕೆಂಪಂಚಿನ ಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಮುಖಕ್ಕೆ ಪೌಡರು, ಕೈಯಲ್ಲೊಂದು ಪ್ಲಾಸ್ಟಿಕ್ ಕುರ್ಚಿ. ಗೆರೆಗಳೆಲ್ಲ ಪೌಡರಿನಲ್ಲಿ ಮುಚ್ಚಿಹೋಗಿದ್ದವು. ಕುರ್ಚಿಯನ್ನು ಮೊಮ್ಮಗನ ಬೈಕಿನ ಪಕ್ಕಕ್ಕೇ ಎಳೆದು, ಎರಡೂ ಕೈ ಮಂಡಿಯ ಮೇಲಿಟ್ಟು, ಕ್ಯಾಮೆರಾವನ್ನೇ ದಿಟ್ಟಿಸಿ ಕೂತಳು. “ಈಗ ತೆಗಿ. ಪೂರ್ತಿ ಬರಬೇಕು, ಕಾಲೂ ಬರಬೇಕು. ಕಲರ್‌ನಲ್ಲಿ ಇರಲಿ. ನಾನು ಹೋದ್ಮೇಲೆ ಗೋಡೆಗೆ ಹಾಕಾಕೆ ಒಂದು ಬೇಕಲ್ಲ, ಆಧಾರ್‌ನಾಗೆ ಇರೋದು ನಾನಂತ ನನಗೇ ಗೊತ್ತಾಗಲ್ಲ.”

ಫ್ರೇಮಣ್ಣ ಒಂದು ಕ್ಲಿಕ್ ಮಾಡಿದ. ದಾಕ್ಷಿಣ್ಯಕ್ಕೆ. “ಕಳಿಸ್ತೀನಿ ಅಜ್ಜಿ” ಅಂತಲೂ ಹೇಳಿದ.

ರಾತ್ರಿ ಬಸ್ಸು ತುಮಕೂರು ದಾಟುವಷ್ಟರಲ್ಲಿ ಅಜ್ಜಿ ಇನ್‌ಸ್ಟಾಗ್ರಾಮಿನಲ್ಲಿದ್ದಳು. ಮೊದಲಿನ ಅಜ್ಜಿ, ಪೌಡರಿನವಳಲ್ಲ. ಕಪ್ಪು ಬಿಳುಪು. ಫ್ರೇಮಣ್ಣನ ನಿಯಮ ಸರಳ: ಹಳ್ಳಿಯವರಿಗೆ ಕಪ್ಪು ಬಿಳುಪು, ಮಕ್ಕಳ ನಡುವೆ ಕೂತ ತನಗೆ ಕಲರ್. ಅಡಿಬರಹದಲ್ಲಿ ‘ಏನೂ ಇಲ್ಲದವಳ ನಗುವಿನಲ್ಲಿ ಎಲ್ಲವೂ ಇತ್ತು’ ಎಂದು ಬರೆದಿದ್ದ. ಅಜ್ಜಿ ನಕ್ಕೇ ಇರಲಿಲ್ಲ ಎಂಬುದು ಬೇರೆ ಮಾತು. ‘ನೀವು ಅವರಿಗೆ ಕೊಟ್ಟದ್ದಕ್ಕಿಂತ ಅವರು ನಿಮಗೆ ಕೊಟ್ಟದ್ದೇ ಹೆಚ್ಚು’ ಎಂದು ಯಾರೋ ಕಾಮೆಂಟು ಹಾಕಿದ್ದರು. ಅದು ಅಕ್ಷರಶಃ ನಿಜ.

ಹಿಂದೆ ಈ ಕೆಲಸಕ್ಕೆ ಪಾಪ ಬಿಳಿಯರೇ ಬರಬೇಕಿತ್ತು. ನ್ಯಾಷನಲ್ ಜಿಯಾಗ್ರಫಿಕ್‌ನ ಸ್ಟೀವ್ ಮೆಕ್‌ಕರಿ 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರವೊಂದರಲ್ಲಿ ಹಸಿರು ಕಣ್ಣಿನ ಅಫ್ಗನ್ ಹುಡುಗಿಯ ಚಿತ್ರ ತೆಗೆದ. 1985ರ ಜೂನ್ ಸಂಚಿಕೆಯ ಮುಖಪುಟವಾಗಿ ಅದು ಲೋಕವನ್ನೆಲ್ಲ ಸುತ್ತಿತು. ಆ ಹುಡುಗಿಯ ಹೆಸರು ಶರ್ಬತ್ ಗುಲಾ ಎಂದು ಲೋಕಕ್ಕೆ ತಿಳಿದದ್ದು 2002ರಲ್ಲಿ. ಆಕೆ ತನ್ನ ಫೋಟೊವನ್ನು ಮೊದಲ ಸಲ ನೋಡಿದ್ದೂ ಆಗಲೇ. ಫ್ರೇಮಣ್ಣನ ಮಾನಿಟರಿನ ಹಿನ್ನೆಲೆ ಚಿತ್ರ ಇದೇ. ಪಾವಗಡದ ಶಾಲೆಯಲ್ಲೂ ಅವನು ಹಸಿರು ಕಣ್ಣು ಹುಡುಕಿದ್ದನ್ನು ನಾನು ಏಣಿಯ ಮೇಲಿಂದ ಕಂಡಿದ್ದೇನೆ. ಆಫ್ರಿಕಕ್ಕೆ ಸೇವೆಗೆಂದು ಹೋಗಿ ಮಕ್ಕಳನ್ನು ಅಪ್ಪಿಕೊಂಡು ಸೆಲ್ಫಿ ತೆಗೆದುಕೊಳ್ಳುವ ತಮ್ಮವರನ್ನೇ ಅಮೆರಿಕದ ಇಬ್ಬರು ಹೆಂಗಸರು 2016ರಲ್ಲಿ ಬಾರ್ಬಿ ಗೊಂಬೆಯೊಂದನ್ನು ಮುಂದಿಟ್ಟುಕೊಂಡು ಚೆನ್ನಾಗಿ ಗೇಲಿ ಮಾಡಿದರು. ಅಲ್ಲಿನವರು ಅಷ್ಟಿಷ್ಟು ನಾಚಿಕೊಂಡರು. ನಾವು ಆ ಹೊತ್ತಿಗೆ ಈ ಕ್ಷೇತ್ರದಲ್ಲಿ ಸ್ವಾವಲಂಬಿಗಳಾಗಿದ್ದೆವು.

ಬ್ರೆಸಾನ್ ಗೊತ್ತಿರುವ ಫ್ರೇಮಣ್ಣನಿಗೆ ಮೈಸೂರಿನ ಟಿ.ಎಸ್. ಸತ್ಯನ್ ಗೊತ್ತಿಲ್ಲ. ನಾನು ಹೆಸರೆತ್ತಿದಾಗ “ಯಾವ ಟೀಮು?” ಎಂದ. ಜನಸಾಮಾನ್ಯರ ದಿನನಿತ್ಯದ ಬದುಕನ್ನೇ ಆಯುಷ್ಯವಿಡೀ ಚಿತ್ರಿಸಿದವರು ಸತ್ಯನ್. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕೆಲಸದ ಹಿಂದೆ ಹಳ್ಳಿ ಹಳ್ಳಿ ಸುತ್ತಿದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲೇ ನಡೆಯಿತು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಆದರೆ ಯಾರೂ ಬಡವರ ಪಾತ್ರ ಮಾಡುತ್ತಿಲ್ಲ. ಆಡುವ ಮಕ್ಕಳು ಆಡುತ್ತಿದ್ದಾರೆ, ಅಷ್ಟೇ. ಇದನ್ನೆಲ್ಲ ವಿವರಿಸಿದರೆ ಫ್ರೇಮಣ್ಣ “ಅವರದು ಯಾವ ಕ್ಯಾಮೆರಾ?” ಎಂದು ಕೇಳುತ್ತಾನೆಂಬ ಭಯದಿಂದ ನಾನು ಸುಮ್ಮನಾದೆ.

ಅವನು ಕೆಟ್ಟವನಲ್ಲ, ಇದನ್ನು ಹೇಳಲೇಬೇಕು. ಶನಿವಾರದ ನಿದ್ದೆ ಬಿಟ್ಟು ಬರುತ್ತಾನೆ. ಮಕ್ಕಳಿಗೆ ಸ್ವಂತ ದುಡ್ಡಿನಲ್ಲಿ ಪೆನ್ಸಿಲ್ ಡಬ್ಬ ತರುತ್ತಾನೆ, ಯಾರಿಗೂ ಹೇಳುವುದಿಲ್ಲ. ಅದರ ಫೋಟೊ ಕೂಡ ತೆಗೆಯುವುದಿಲ್ಲ. ಅವನಿಗಿರುವ ತೊಂದರೆ ಒಂದೇ. ದಿನನಿತ್ಯದ ಬದುಕು ಅವನಿಗೆ ಕಾಣಿಸಬೇಕಾದರೆ ಅದು ಮನೆಯಿಂದ ನೂರಾರು ಕಿಲೋಮೀಟರ್ ದೂರ ಇರಬೇಕು. ದಿನಾ ಬೆಳಿಗ್ಗೆ ಅವನ ಮನೆಯ ಪಾತ್ರೆ ತೊಳೆಯುವ ಹೆಂಗಸಿನ ಮುಖದಲ್ಲೂ ಪಾವಗಡದ ಅಜ್ಜಿಯಷ್ಟೇ ಗೆರೆಗಳಿವೆ, ಆದರೆ ಆ ಹೊತ್ತಿನಲ್ಲಿ ಅಡುಗೆಮನೆಯ ಬೆಳಕು ಸರಿಯಿರುವುದಿಲ್ಲವಂತೆ. ಬ್ಯಾಂಕಿಗೆ ಕೊಡಲು ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ ತೆಗೆದುಕೊಡೋ ಎಂದು ಅವನ ತಾಯಿ ಬಹಳ ದಿನದಿಂದ ಕೇಳುತ್ತಿದ್ದರು. “ಹೊರಗಡೆ ಬೆಳಕು ಚೆನ್ನಾಗಿರೋ ದಿನ ನೋಡೋಣಮ್ಮ” ಎನ್ನುತ್ತಲೇ ಬಂದ. ಅವರು ಬೇಸತ್ತು ಮೂಲೆಯ ಸ್ಟುಡಿಯೋದಲ್ಲಿ ತೆಗೆಸಿಕೊಂಡು ಬಂದರು. ಅದರಲ್ಲಿ ಅವರು ಚೆನ್ನಾಗಿಯೇ ಕಾಣುತ್ತಾರೆ.

ಮೊನ್ನೆ ಹೆಡ್ ಮೇಷ್ಟ್ರು ನನಗೆ ಫೋನ್ ಮಾಡಿದ್ದರು. ಹಳದಿ ಬಣ್ಣ ಒಂದು ಮಳೆಗೇ ಎದ್ದಿತಂತೆ, ಅದಕ್ಕೆ ಅವರಿಗೇನೂ ಬೇಜಾರಿಲ್ಲ. ಮುಂದಿನ ತಿಂಗಳು ಬೇರೆ ಕಂಪನಿ ಬರುತ್ತದಂತೆ. ವಿಷಯ ಅದಲ್ಲ. “ಆ ಅಜ್ಜಿ ವಾರಕ್ಕೊಂದು ಸಲ ಶಾಲೆಗೆ ಬಂದು ಫೋಟೊ ಬಂತಾ ಅಂತ ಕೇಳುತ್ತೆ ಸಾರ್. ಗಟ್ಟಿಮುಟ್ಟಾಗೇ ಇದೆ. ಗೋಡೆಗೆ ಮೊಳೆ ಹೊಡೆಸಿ ಇಟ್ಟುಕೊಂಡಿದೆ.” ಫ್ರೇಮಣ್ಣನನ್ನು ಕೇಳಿದೆ. ಕಾರ್ಡಿನಲ್ಲಿದೆ, ಎಡಿಟ್ ಆಗಬೇಕು, ಹಿಂದೆ ಬೈಕು ಬಂದಿದೆಯಲ್ಲ ಅದನ್ನು ತೆಗೆಯಬೇಕು ಎಂದ.

ನಿಮ್ಮ ಕಚೇರಿಯಲ್ಲೂ ಫ್ರೇಮಣ್ಣ ಇದ್ದಾನೆ. ದಯವಿಟ್ಟು ಅವನಿಗೆ ಹೇಳಿ: ಬೈಕು ಇರಲಿ, ಅಜ್ಜಿಗೆ ಅದು ಬೇಕು. ಒಂದು ಪ್ರಿಂಟ್ ಹಾಕಿಸಲು ಅವನು ಸಂಜೆ ಕುಡಿಯುವ ಕಾಫಿಯಷ್ಟೂ ಖರ್ಚಾಗುವುದಿಲ್ಲ. ವಿಳಾಸ ಗೊತ್ತಿಲ್ಲ ಎಂದರೆ ನಂಬಬೇಡಿ. ಶಾಲೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಎಲ್ಲವೂ ಗೇಟಿನ ಮೇಲೆ ದೊಡ್ಡದಾಗಿ ಬರೆದಿದೆ, ಅದರ ಕೆಳಗೆ ನಿಂತೇ ಅವನು ಕಲರ್ ಫೋಟೊ ತೆಗೆಸಿಕೊಂಡಿದ್ದಾನೆ.