ಹೌದೋ ಇಲ್ಲವೋ: ಒಂದು ಚೌಕದ ಸಂದರ್ಶನ

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ಸಲಹೆಗಾರರೊಬ್ಬರು ಬಂದು ಮಕ್ಕಳ ‘ಚಾನ್ಸ್’ ಹೇಳಿದರು. ಅಂಕಪಟ್ಟಿ ನೋಡಿ, ಎಸ್‌ಎಟಿ ಎಷ್ಟು ಎಂದು ಕೇಳಿ, ಪಿಟೀಲು ಕಲಿತಿದ್ದಾನಾ ಎಂದು ವಿಚಾರಿಸಿ, ಹಾರ್ವರ್ಡ್‌ಗೆ ಶೇ 6, ಕಾರ್ನೆಲ್‌ಗೆ ಶೇ 14.5 ಅಂತ ಚೀಟಿಯಲ್ಲಿ ಬರೆದುಕೊಟ್ಟರು. ಆ ಅರ್ಧ ಪರ್ಸೆಂಟ್ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಜಾತಕ ತೋರಿಸುವಾಗಲೂ ನಾವು ಹಾಗೆಲ್ಲ ಕೇಳುವ ಜನ ಅಲ್ಲ. ಎರಡು ಗಂಟೆ ನಡೆದ ಸಭೆಯಲ್ಲಿ ಒಬ್ಬರ ಸುದ್ದಿ ಮಾತ್ರ ಬರಲಿಲ್ಲ: ಅಮೆರಿಕದ ಪದವಿ ಅರ್ಜಿಯಲ್ಲಿ ‘ಹಣಕಾಸಿನ ನೆರವು ಕೇಳುತ್ತೀರಾ?’ ಎಂಬ ಸಾಲಿನ ಪಕ್ಕ ಕೂತಿರುವ ಟಿಕ್ ಹಾಕುವ ಚೌಕ. ಅದನ್ನೇ ಹುಡುಕಿಕೊಂಡು ಹೋದೆ.

ನಾನು: ನಮಸ್ಕಾರ. ನೀವು ಇಷ್ಟು ಚಿಕ್ಕವರು ಅಂತ ಗೊತ್ತಿರಲಿಲ್ಲ.

ಚೌಕ: ಚಿಕ್ಕವನೇ, ಸ್ವಾಮಿ. ದೊಡ್ಡವರು ಅಂದ್ರೆ ಅರ್ಜಿ ಜೊತೆ ಬರೆಯೋ ಆ ಪ್ರಬಂಧ. 650 ಪದ! ಅದಕ್ಕೊಬ್ಬ ಕೋಚು, ಕೋಚಿಗೊಬ್ಬ ಎಡಿಟರು. ಮೊದಲ ಪ್ಯಾರಾದಲ್ಲಿ ಅಜ್ಜಿ ತೀರಿಕೊಳ್ಳುತ್ತಾಳೆ. ಎರಡನೆಯದರಲ್ಲಿ ಅಟ್ಟದ ಮೇಲೆ ಅವಳ ಹಿತ್ತಾಳೆ ಡಬರಿ ಸಿಗುತ್ತೆ. ನಾಲ್ಕನೆಯದರಲ್ಲಿ ಹುಡುಗನಿಗೆ ನಾಯಕತ್ವದ ಗುಣ ಬರುತ್ತೆ. ಅಜ್ಜಿ ಹಾಲ್‌ನಲ್ಲಿ ಕೂತು ಧಾರಾವಾಹಿ ನೋಡ್ತಾ ಇರ್ತಾಳೆ!

ನಾನು: ಚಾನ್ಸ್ ಬಗ್ಗೆ ಹೇಳಿ. 2024ರಲ್ಲಿ ಹಾರ್ವರ್ಡ್‌ಗೆ 54,008 ಅರ್ಜಿ ಬಂದು 1,937 ಮಂದಿಗೆ ಸೀಟು ಸಿಕ್ಕಿತು. ಅಂದರೆ ಶೇ 3.6.

ಚೌಕ: ಅದು ಯಾರ ಚಾನ್ಸೂ ಅಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವವರ ಸರಾಸರಿ ಎತ್ತರ ತೆಗೆದು ನಿಮ್ಮ ಮಗನಿಗೆ ಪ್ಯಾಂಟು ಹೊಲಿಸಿದ ಹಾಗೆ. ಅದರಲ್ಲಿ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕಿ ಬಂದವರಿದ್ದಾರೆ, ಅಪ್ಪ ಓದಿದ ಕಾಲೇಜು ಅಂತ ಬಂದವರಿದ್ದಾರೆ. ನನ್ನ ಪ್ರಶ್ನೆ ಕೇಳಿ. ಆ ಪ್ರಬಂಧಕ್ಕೆ...

ನಾನು: ನಿಮ್ಮಲ್ಲಿ ‘ಹೌದು’ ಅಂದರೆ ಸೀಟು ಹೋಗುತ್ತದೆಯೇ?

ಚೌಕ: ಎಲ್ಲ ಕಡೆ ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, 2022ರಿಂದ ಡಾರ್ಟ್‌ಮೌತ್, ಹೀಗೆ ಬೆರಳೆಣಿಕೆಯ ಕೆಲವರು ಹೊರದೇಶದ ಮಕ್ಕಳ ಅರ್ಜಿ ಓದುವಾಗಲೂ ನನ್ನ ಕಡೆ ತಿರುಗಲ್ಲ. ಸೇರಿಸಿಕೊಂಡ ಮೇಲೆ ಮನೆಯ ವರಮಾನ ನೋಡಿ, ಕಡಿಮೆ ಬಿದ್ದದ್ದನ್ನು ತಾವೇ ತುಂಬುತ್ತಾರೆ. ‘ನೀಡ್ ಬ್ಲೈಂಡ್’ ಅಂತ ಹೆಸರು. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್ ಥರದವರು ಗಾಂಧಾರಿಯರು. ತಮ್ಮ ದೇಶದ ಮಕ್ಕಳು ಬಂದಾಗ ಕಣ್ಣಿಗೆ ಬಟ್ಟೆ. ಹೊರದೇಶದ ಹುಡುಗ ಬಂದು ಕಾಲಿಗೆ ಬಿದ್ದರೆ ಬಟ್ಟೆಯ ಸಂದಿಯಿಂದ ಒಂದು ನೋಟ. ಧರ್ಮರಾಯನಿಗೆ ಕಾಲುಗುರು ಕಪ್ಪಾಗಿದ್ದಷ್ಟೇ. ಇವನಿಗೆ ಸೀಟೇ ಹೋಗಬಹುದು.

ನಾನು: ಅರ್ಜಿಯಲ್ಲಿ ಹತ್ತು ಚಟುವಟಿಕೆ ಬರೆಯಬೇಕಲ್ಲ. ಅದರಲ್ಲಿ ಎಲ್ಲ ಮಕ್ಕಳೂ ‘ಹಳ್ಳಿಯಲ್ಲಿ ಗ್ರಂಥಾಲಯ ಸ್ಥಾಪನೆ’ ಅಂತ ಬರೆಯುತ್ತಾರಂತೆ. ನನಗೆ ಇದರ ಬಗ್ಗೆ ಒಂದು ಮಾತು ಹೇಳಬೇಕು. 1965ರ ಕಾಯ್ದೆ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆಗೆ ಶೇ 6 ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಆ ದುಡ್ಡು ಪಾಲಿಕೆಯಿಂದ ಗ್ರಂಥಾಲಯ ಇಲಾಖೆಗೆ ಪೂರ್ತಿ ದಾಟುವುದಿಲ್ಲ ಎಂಬ ದೂರು ಎಷ್ಟು ಹಳೆಯದು! ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಫ್ಯಾನ್ ತಿರುಗಿ ಎರಡು ವರ್ಷವಾಯಿತು. ಈ ಹುಡುಗರು ಅಲ್ಲಿಗೆ ಒಂದು ಫ್ಯಾನ್ ಕೊಡಿಸಬಾರದೇ?

ಚೌಕ: ಇದು ಪ್ರಶ್ನೆಯೋ ಅಹವಾಲೋ?

ನಾನು: ಸರಿ, ವೀಸಾ. 2025ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಹಾರ್ವರ್ಡ್‌ಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ರದ್ದು ಮಾಡಲು ಹೊರಟು, ಮರುದಿನವೇ ಕೋರ್ಟು ತಡೆಯಿತು...

ಚೌಕ: ಅದು ಬೇರೆ ಟೇಬಲ್. ನಾನು ಪ್ರಬಂಧದ ವಿಷಯ ಹೇಳ್ತಿದ್ದೆ. ಅದಕ್ಕೆ ಲಕ್ಷಗಟ್ಟಲೆ ಫೀಸು. ನನಗೆ ಒಂದು ಗಂಟೆಯ ಟ್ಯೂಷನ್ನೂ ಇಲ್ಲ. ‘ಸುಮ್ನೆ ಇಲ್ಲ ಅಂತ ಒತ್ತು, ಆಮೇಲೆ ನೋಡ್ಕೊಳ್ಳೋಣ’ ಅನ್ನೋದು ಒಂದೇ ಸಲಹೆ.

ನಾನು: ಆಮೇಲೆ ನೋಡಿಕೊಳ್ಳಬಹುದಲ್ಲ?

ಚೌಕ: ಯಾರು ಹೇಳಿದ್ದು? ಎಷ್ಟೋ ಕಡೆ ಹೊರದೇಶದವರು ಅರ್ಜಿ ಹಾಕುವಾಗ ‘ಇಲ್ಲ’ ಅಂದರೆ ಮುಗಿಯಿತು, ನಾಲ್ಕು ವರ್ಷವೂ ಕೇಳುವ ಹಾಗಿಲ್ಲ. ವರ್ಷಕ್ಕೆ 80 ಸಾವಿರ ಡಾಲರ್ ದಾಟಿದ ಖರ್ಚು.

ಚೌಕ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಧ್ವನಿ ಬದಲಾಯಿತು.

ಚೌಕ: ಒಂದು ಹುಡುಗಿ ಬಂದಿದ್ದಳು. ಜನವರಿ 1, ರಾತ್ರಿ. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗಣಿತದಲ್ಲಿ ಅಂಥ ತಲೆಯನ್ನು ನಾನು ಆ ವರ್ಷ ಹೆಚ್ಚು ನೋಡಲಿಲ್ಲ. ಪಿಯು ಪ್ರಿನ್ಸಿಪಾಲರು ಕೊಟ್ಟ ಶಿಫಾರಸು ಪತ್ರದಲ್ಲಿ ಎರಡೇ ಸಾಲು: ‘ನಮ್ಮ ಕಾಲೇಜಿನ ವಿದ್ಯಾರ್ಥಿನಿ. ನಡತೆ ಉತ್ತಮ.’ ಕೆಳಗೆ ರೌಂಡ್ ಸೀಲು. ಅವಳು ಮೌಸ್ ತಂದು ನನ್ನ ಮೇಲೆ ನಿಲ್ಲಿಸಿದಳು. ನಲವತ್ತು ನಿಮಿಷ. ‘ಹೌದು’ ಒತ್ತುವಳು, ತೆಗೆಯುವಳು. ತಾನು ಬಡವಿ ಅನ್ನೋದು ಇಷ್ಟು ವರ್ಷ ಅವಳ ಮನೆಯ ವಿಷಯ ಆಗಿತ್ತು. ಆವತ್ತು ಅದು ಅವಳ ಅರ್ಹತೆಯ ಲೆಕ್ಕಕ್ಕೆ ಸೇರಿತು. 2018ರಲ್ಲಿ ಬಾಸ್ಟನ್ ಕೋರ್ಟಿನಲ್ಲಿ ಪ್ರವೇಶ ನೀತಿಯ ಮೊಕದ್ದಮೆ ನಡೆದಾಗ ಹಾರ್ವರ್ಡ್‌ನ ಕಡತ ಬಿಚ್ಚಿದರಲ್ಲ, ಅಲ್ಲಿ ಏನಿತ್ತು? ಅಪ್ಪನೋ ಅಮ್ಮನೋ ಅಲ್ಲೇ ಓದಿದ್ದರೆ ಮೂವರಲ್ಲಿ ಒಬ್ಬರಿಗೆ ಸೀಟು. ಉಳಿದವರಲ್ಲಿ ನೂರಕ್ಕೆ ಆರು. ದಾನಿಗಳ ಕಡೆಯ ಮಕ್ಕಳಿಗೆ ಡೀನ್ ಹತ್ತಿರ ಬೇರೆ ಪಟ್ಟಿ. ಆ ಪಟ್ಟಿಯಲ್ಲಿದ್ದ ಯಾವ ಹುಡುಗನೂ ನನ್ನ ಮುಂದೆ ನಲವತ್ತು ನಿಮಿಷ ಕೂತಿಲ್ಲ. ಅರ್ಧ ಸೆಕೆಂಡಿನಲ್ಲಿ ‘ಇಲ್ಲ’ ಒತ್ತಿ ಊಟಕ್ಕೆ ಹೋಗುತ್ತಾನೆ. ಅವಳಿಗೂ ಅವನಿಗೂ ಒಂದೇ ಅರ್ಜಿ, ಒಂದೇ ಗಡುವು, ಸಮಾನ ಅವಕಾಶ ಅಂತ ಮೊದಲ ಪುಟದಲ್ಲೇ ಬರೆದಿರುತ್ತಾರೆ.

ನಾನು: ಕೊನೆಗೆ ಅವಳು ಏನು ಒತ್ತಿದಳು?

ಚೌಕ: ಅದನ್ನು ಹೇಳಲ್ಲ.

ನಾನು: ಹೋಗಲಿ ಬಿಡಿ. ಆ ಗ್ರಂಥಾಲಯ ಕರದ ಬಗ್ಗೆ...

ಚೌಕ: ಒಂದು ನಿಮಿಷ. ಇಷ್ಟೆಲ್ಲ ಕೇಳ್ತಿದ್ದೀರಲ್ಲ, ನಿಮ್ಮ ಮನೆಯಲ್ಲಿ ಯಾರಿದ್ದಾರೆ?

ನಾನು: ತಮ್ಮನ ಮಗ. ಈಗ ಹನ್ನೊಂದನೇ ಕ್ಲಾಸು.

ಚೌಕ: ಗ್ರಂಥಾಲಯ ಕಟ್ಟಿದ್ದಾನಾ?

ನಾನು: ಒಂದು. ಇನ್ನೊಂದು ಬೇಸಿಗೆ ರಜೆಯಲ್ಲಿ.